ಮೂರನೇ ರೈಡ್ ಯಾರ ಖಾತೆಗೆ?

ಹುಮನಾಬಾದಿನಿಂದ ವಾಪಸ್ ಬರುವ ಬಸ್ಸಿನಲ್ಲಿ ಅವತ್ತು ಯಾರೂ ಜಾಸ್ತಿ ಮಾತಾಡಲಿಲ್ಲ. 31–29. ಎರಡೇ ಎರಡು ಅಂಕದಿಂದ ಸೋತಿದ್ದೆವು. ರಾಜೇಶ್ವರ ದಾಟಿದ ಮೇಲೆ ಹಿಂದಿನ ಸೀಟಿನಿಂದ ಒಬ್ಬ, "ಏಳ್ ಸಲ ಸಿಕ್ಕೊಂಡಿ ನೋಡಪಾ ನೀ, ಏಳ್ ಸಲ!" ಅಂದ. ನಮ್ಮ ರೈಡರ್ ಏನೂ ಅನ್ನಲಿಲ್ಲ. ಇಯರ್‌ಫೋನ್ ಹಾಕಿಕೊಂಡು ಕಿಟಕಿ ಕಡೆ ತಿರುಗಿ ಕೂತ. ಸಸ್ತಾಪುರ ಬಂಗ್ಲಾದಲ್ಲಿ ಎಲ್ಲರೂ ಇಳಿದು ಚಾ ಕುಡಿದೆವು, ಮಿರ್ಚಿ ಭಜಿ ತಿಂದೆವು. ಅವನು ಬಸ್ಸಿನಿಂದ ಇಳಿಯಲೇ ಇಲ್ಲ.

ಮುಂದಿನ ವಾರ ಟೀಮ್ ಪಟ್ಟಿ ಬರೆಯುವಾಗ ಅವನ ಹೆಸರು ಬಿಟ್ಟೆವು. ಬಿಟ್ಟವರಲ್ಲಿ ನಾನೂ ಒಬ್ಬ. ಮೊಣಕಾಲು ಕೆಟ್ಟ ಮೇಲೆ ನಾನು ಆಡುವುದು ನಿಲ್ಲಿಸಿದ್ದೇನೆ. ಬೆಂಚಿನಲ್ಲಿ ಕೂತು ಸ್ಕೋರ್ ಬರೆಯುವುದು, ಹೊರಗಿಂದ ಕೈಸನ್ನೆ ಮಾಡಿ ಆಟ ಹೇಳುವುದು, ಎರಡೂ ನನ್ನದೇ ಕೆಲಸ. ಒಂದೇ ಕೈಯಲ್ಲಿ ಪೆನ್ನು, ಒಂದೇ ಕೈಯಲ್ಲಿ ಸನ್ನೆ. ಇದು ಎಷ್ಟು ತಪ್ಪು ವ್ಯವಸ್ಥೆ ಅನ್ನುವುದು ಆಮೇಲೆ ಗೊತ್ತಾಯ್ತು. ಯಾಕಂದರೆ ನಾನು ಪುಸ್ತಕದಲ್ಲಿ ಬರೆದಿದ್ದು "ರೈಡರ್ ಔಟ್" ಅಂತ ಮಾತ್ರ. ಅವನನ್ನು ಒಳಗೆ ಏನು ಮಾಡು ಅಂತ ಕಳಿಸಿದ್ದೆ ಅನ್ನುವುದಕ್ಕೆ ಆ ಪುಸ್ತಕದಲ್ಲಿ ಕಾಲಮ್ಮೇ ಇರಲಿಲ್ಲ.

ಇಂಟರ್ನಲ್ಸ್ ಮುಗಿದ ಮೇಲೆ ಒಂದು ರಾತ್ರಿ ಸುಮ್ಮನೆ ಆ ಪುಸ್ತಕ ತೆಗೆದು, ಪ್ರತಿ ರೈಡ್‌ನ ಮುಂದೆ ಆಗ ಪರಿಸ್ಥಿತಿ ಏನಿತ್ತು ಅಂತ ನೆನಪು ಮಾಡಿಕೊಂಡು ಬರೆದೆ. ಸ್ಕೋರ್ ಸಾಲಾಗಿ ಇದ್ದಿದ್ದರಿಂದ ಅದೇನು ಕಷ್ಟವಾಗಲಿಲ್ಲ. 19 ರೈಡ್, 7 ಸಲ ಔಟ್. ಆ ಏಳರಲ್ಲಿ ನಾಲ್ಕು ಮೂರನೇ ರೈಡ್, ಅಂದರೆ ಡು ಆರ್ ಡೈ. ಇನ್ನೊಂದು, ಎದುರಾಳಿ ಮೂವರೇ ಉಳಿದಿದ್ದಾಗ ನಾನೇ "ಹೊಡಿ, ಹೊಡಿ" ಅಂತ ಕೂಗಿ ಕಳಿಸಿದ್ದು. ಉಳಿದ ಎರಡು ಮಾತ್ರ ಅವನೇ ಮಾಡಿಕೊಂಡ ತಪ್ಪು: ಒಂದರಲ್ಲಿ ಬೋನಸ್‌ಗೆ ಕಾಲು ಹಾಕಿ ತಡವಾಗಿ ತಿರುಗಿದ, ಇನ್ನೊಂದರಲ್ಲಿ ಯಾರೂ ಮುಟ್ಟದೆ ತಾನೇ ಗೆರೆ ದಾಟಿದ.

ಈ ಲೇಖನ ಅವನ ಪರವಾಗಿ ವಕಾಲತ್ತು ಅಲ್ಲ. ಆಟಗಾರನ ಹೆಸರಿನ ಮುಂದೆ ಬರೆಯುವ ತಪ್ಪಿನಲ್ಲಿ ಆಟ ಹೇಳಿಕೊಟ್ಟವನ ಪಾಲು ಎಷ್ಟು ಅನ್ನುವುದನ್ನು ಲೆಕ್ಕ ಹಾಕಿ ನೋಡಬಹುದಾ ಅನ್ನುವುದು ಪ್ರಶ್ನೆ.

ಕಬಡ್ಡಿ ಟಿವಿಯಲ್ಲಿ ನೋಡಿದವರಿಗೆ ನಿಯಮ ಗೊತ್ತೇ ಇರುತ್ತೆ. ಆದರೂ ಇಲ್ಲಿಗೆ ಬೇಕಾದ ಎರಡು ಮೂರು ಹೇಳಿಬಿಡ್ತೀನಿ. ಒಂದು ರೈಡ್‌ಗೆ 30 ಸೆಕೆಂಡ್. ರೈಡರ್ ಯಾರನ್ನೂ ಮುಟ್ಟದೆ, ನಡುಗೆರೆಯಿಂದ 3.75 ಮೀಟರ್ ಆಚೆ ಇರುವ ಬಾಕ್ ಲೈನ್ ದಾಟಿ ವಾಪಸ್ ಬಂದರೆ ಅದು ಖಾಲಿ ರೈಡ್; ಅಂಕವೂ ಇಲ್ಲ, ನಷ್ಟವೂ ಇಲ್ಲ. ಒಂದು ತಂಡ ಸಾಲಾಗಿ ಎರಡು ಸಲ ಖಾಲಿ ಬಂದರೆ ಮೂರನೆಯದರಲ್ಲಿ ಅಂಕ ತರಲೇಬೇಕು. ತರದಿದ್ದರೆ ರೈಡರ್ ಔಟ್, ಎದುರಾಳಿಗೆ ಒಂದು ಅಂಕ. ಬಾಕ್ ಲೈನ್‌ನಿಂದ ಇನ್ನೊಂದು ಮೀಟರ್ ಆಚೆ ಬೋನಸ್ ಗೆರೆ. ಅದು ಚಾಲ್ತಿಯಲ್ಲಿರುವುದು ಎದುರಿಗೆ ಆರು ಅಥವಾ ಏಳು ಜನ ಇದ್ದಾಗ ಮಾತ್ರ. ಎದುರಿಗೆ ಮೂವರು ಅಥವಾ ಅದಕ್ಕಿಂತ ಕಮ್ಮಿ ಇದ್ದು ಅವರು ರೈಡರ್‌ನನ್ನು ಹಿಡಿದರೆ ಅದು ಸೂಪರ್ ಟ್ಯಾಕಲ್, ಅವರಿಗೆ ಎರಡು ಅಂಕ.

ಈ ನಿಯಮಗಳನ್ನು ಇಟ್ಟುಕೊಂಡು ಹೊರಗಿನವನು ಹೇಳಬಹುದಾದ ಆಟ ಮುಖ್ಯವಾಗಿ ಎರಡು ಥರ. ಒಂದು, "ಸಂದು ಕಂಡ್ರೆ ಹೋಗು, ಇಲ್ಲಾಂದ್ರೆ ಬಾ." ಇನ್ನೊಂದು, "ಎರಡು ಸುಮ್ನೆ ಬಾ, ಮೂರನೇದಕ್ಕ ನೋಡೋಣು." ಮೊದಲನೆಯದರಲ್ಲಿ ತೀರ್ಮಾನ ರೈಡರ್‌ನದು. ಎರಡನೆಯದರಲ್ಲಿ ನನ್ನದು. ಅವತ್ತು ಹುಮನಾಬಾದಿನಲ್ಲಿ ಸೆಕೆಂಡ್ ಹಾಫ್‌ನಲ್ಲಿ ನಾವು ನಾಲ್ಕು ಅಂಕ ಮುಂದಿದ್ದೆವು, ಎರಡೂ ಕಾರ್ನರ್‌ನವರು ಚೆನ್ನಾಗಿ ಹಿಡಿಯುತ್ತಿದ್ದರು, ಹಂಗಾಗಿ ನಾನು ಎರಡನೆಯದನ್ನು ಹಿಡಿದೆ. ಕೈ ಕೆಳಗೆ ಮಾಡಿ ತೋರಿಸುವುದು, ಅಂದರೆ ಗಡಿಬಿಡಿ ಬ್ಯಾಡ, ಟೈಮ್ ಕಳಿ.

ಈಗ ಲೆಕ್ಕ. ಇದರಲ್ಲಿ ಬರುವ ಅಂಕಿಗಳು ಲೆಕ್ಕಕ್ಕಾಗಿ ನಾನು ಹಿಡಿದುಕೊಂಡವು, ಯಾವ ಟೂರ್ನಿಯವೂ ಅಲ್ಲ. ನಿಮಗೆ ಬೇರೆ ಅಂಕಿ ಸರಿ ಅನ್ನಿಸಿದರೆ ಅದನ್ನೇ ಹಾಕಿ ನೋಡಿ. ಹತ್ತು ರೈಡ್ ಹೋದರೆ ಮೂರರಲ್ಲಿ ಒಳ್ಳೆ ಸಂದು ಸಿಗುತ್ತೆ ಅಂತ ಇಟ್ಟುಕೊಳ್ಳೋಣ: ಕವರ್‌ನವನು ಒಂದು ಹೆಜ್ಜೆ ಮುಂದೆ ಬಂದಿರುತ್ತಾನೆ, ಕಾರ್ನರ್‌ನವನ ಕೈ ಜೋಡಿ ಬಿಟ್ಟಿರುತ್ತೆ. ಅಂಥ ಸಂದಿನಲ್ಲಿ ಪ್ರಯತ್ನ ಮಾಡಿದರೆ 70 ಪರ್ಸೆಂಟ್ ಅಂಕ ಬರುತ್ತೆ. ಉಳಿದ ಏಳರಲ್ಲಿ ಸಂದು ಇರಲ್ಲ; ಜಬರ್ದಸ್ತಿ ನುಗ್ಗಿದರೆ 30 ಪರ್ಸೆಂಟ್.

ಮೊದಲು ತೀರ್ಮಾನವನ್ನು ರೈಡರ್‌ಗೇ ಬಿಟ್ಟಾಗ ಏನಾಗುತ್ತೆ ನೋಡೋಣ. ಅವನು ಮೊದಲ ಎರಡು ರೈಡ್‌ಗಳಲ್ಲಿ ಸಂದು ಕಂಡರೆ ಮಾತ್ರ ಕೈ ಹಾಕುತ್ತಾನೆ. ಎರಡರಲ್ಲೂ ಸಂದು ಸಿಗದೆ ಮೂರನೆಯದಕ್ಕೆ ಬರುವ ಸಂಭವ 0.7 × 0.7, ಅಂದರೆ 0.49. ಹಾಗಾಗಿ ಅವನು ಮಾಡುವ 100 ಪ್ರಯತ್ನಗಳಲ್ಲಿ 51 ಒಳ್ಳೆ ಸಂದಿನಲ್ಲಿ ಆಗುತ್ತವೆ, 49 ಒತ್ತಾಯದಲ್ಲಿ. ಒತ್ತಾಯದ ರೈಡ್‌ನಲ್ಲಿ ಸಂದು ಇದ್ದರೂ ಇರಬಹುದು, ಇಲ್ಲದಿದ್ದರೂ ಇರಬಹುದು. ಸರಾಸರಿ ತೆಗೆದರೆ 42 ಪರ್ಸೆಂಟ್. ಎಲ್ಲ ಕೂಡಿಸಿದರೆ 100 ಪ್ರಯತ್ನಕ್ಕೆ ಸುಮಾರು 56 ಸಲ ಅಂಕ, 44 ಸಲ ಔಟ್.

ಇನ್ನು ನನ್ನ ಸನ್ನೆಯ ಆಟ. ಮೊದಲೆರಡು ರೈಡ್‌ನಲ್ಲಿ ಸಂದು ಕಂಡರೂ ಅವನು ವಾಪಸ್ ಬರಬೇಕು. ಎಲ್ಲ ಪ್ರಯತ್ನವೂ ಮೂರನೆಯದರಲ್ಲೇ. 100ಕ್ಕೆ 42 ಅಂಕ, 58 ಔಟ್.

ಅದೇ ಹುಡುಗ, ಅದೇ ಕಾಲು, ಅದೇ ಉಸಿರು. 44ರ ಜಾಗದಲ್ಲಿ 58. ನಡುವಿನ 14 ತಪ್ಪು ಅವನ ಮೈಯೊಳಗಿಂದ ಬಂದದ್ದಲ್ಲ, ನನ್ನ ಕೈಯಿಂದ ಬಂದದ್ದು. ಆದರೆ ಪುಸ್ತಕದಲ್ಲಿ ಎಲ್ಲವೂ ಅವನ ಹೆಸರಿಗೇ.

ಇದಕ್ಕಿಂತ ಮಜಾ ಇರುವುದು ಮುಂದೆ. ನಾನು "ಸುಮ್ನೆ ಬಾ" ಅಂದಿದ್ದು ತಪ್ಪು ಕಮ್ಮಿ ಆಗಲಿ ಅಂತ ತಾನೇ? ಒಂದು ಹಾಫ್ 20 ನಿಮಿಷ. ಎಲ್ಲ ರೈಡೂ ಪೂರ್ತಿ 30 ಸೆಕೆಂಡ್ ಅಂತ ಹಿಡಿದರೆ ಎರಡೂ ತಂಡ ಸೇರಿ 40, ನಮಗೆ 20. ನನ್ನ ಆಟದಲ್ಲಿ ಮೂರಕ್ಕೊಂದು ಪ್ರಯತ್ನ, ಅಂದರೆ ಆರೇಳು. ಅದರಲ್ಲಿ 58 ಪರ್ಸೆಂಟ್ ಔಟ್ ಅಂದರೆ ಹೆಚ್ಚುಕಮ್ಮಿ ನಾಲ್ಕು. ರೈಡರ್‌ಗೇ ಬಿಟ್ಟಿದ್ದರೆ ಸರಾಸರಿ 2.19 ರೈಡ್‌ಗೊಂದು ಪ್ರಯತ್ನ, ಅಂದರೆ ಒಂಬತ್ತು. ಅದರಲ್ಲಿ 44 ಪರ್ಸೆಂಟ್ ಔಟ್ ಅಂದರೆ ಅದೂ ನಾಲ್ಕೇ! ಎಚ್ಚರಿಕೆಯ ಆಟ ಅಂತ ಆಡಿಸಿ ತಪ್ಪು ಒಂದೂ ಉಳಿಸಲಿಲ್ಲ. ಯಶಸ್ವಿ ರೈಡ್ ಮಾತ್ರ ಐದರಿಂದ ಮೂರಕ್ಕೆ ಇಳಿಯಿತು. ಈ ಸಾಲು ಬರೆದ ಮೇಲೆ ನಾನು ಕ್ಯಾಲ್ಕುಲೇಟರ್‌ನಲ್ಲಿ ಮತ್ತೊಂದು ಸಲ ಒತ್ತಿ ನೋಡಿದೆ. ಅಷ್ಟೇ ಬಂತು.

ಲೆಕ್ಕ ಇನ್ನೂ ನನ್ನ ಕಡೆಗೇ ವಾಲಿದೆ, ಯಾಕಂದರೆ ಮೂರನೇ ರೈಡ್‌ನಲ್ಲೂ ಮೊದಲಿನಷ್ಟೇ ಸಂದು ಸಿಗುತ್ತೆ ಅಂತ ಹಿಡಿದಿದ್ದೇನೆ. ನಿಜವಾಗಿ ಹಂಗಾಗಲ್ಲ. ಮೂರನೇದು ಅಂತ ಅಂಗಳದಲ್ಲಿ ಎಲ್ಲರಿಗೂ ಗೊತ್ತು. ನಮ್ಮ ಕಡೆ ಮ್ಯಾಚ್‌ಗಳಲ್ಲಿ ನೋಡುವವರೇ ಕೂಗಿ ಹೇಳುತ್ತಾರೆ, "ತೀಸ್ರೀ ಹೈ, ತೀಸ್ರೀ!" ಅಂತ. ಡಿಫೆಂಡರ್‌ಗಳು ಆಗ ಮುಂದೆ ಬರುವುದೇ ಇಲ್ಲ. ಹಿಂದೆ ಸರಿದು, ಕೈ ಕೈ ಹಿಡಿದು, ಎರಡೂ ಕಾರ್ನರ್‌ನವರು ಕೂತ ಹಾಗೆ ಬಾಗಿ ಕಾಯುತ್ತಾರೆ. ಅವರಿಗೆ ಅವಸರ ಇಲ್ಲ, ಬರಬೇಕಾದವನು ಬಂದೇ ಬರುತ್ತಾನೆ. ರೈಡರ್‌ಗೆ 30 ಸೆಕೆಂಡ್ ಓಡುತ್ತಿರುತ್ತೆ. 20 ಕಳೆದ ಮೇಲೆ ಅವನು ಸಂದು ಹುಡುಕುವುದು ಬಿಟ್ಟು ಯಾರಾದರೊಬ್ಬರ ಕಡೆ ಕಾಲು ಚಾಚುತ್ತಾನೆ. ಆ ಕಾಲಿಗೇ ಆಂಕಲ್ ಹೋಲ್ಡ್. ಹತ್ತಕ್ಕೆ ಮೂರು ಸಂದು ಇದ್ದದ್ದು ಒಂದಕ್ಕೆ ಇಳಿಯಿತು ಅಂತ ಹಾಕಿ: ಮೂರನೇ ರೈಡ್‌ನ ಯಶಸ್ಸು 34 ಪರ್ಸೆಂಟ್, ಔಟ್ 66.

ಎದುರಿಗೆ ಎಷ್ಟು ಜನ ಅನ್ನುವುದೂ ಇಲ್ಲಿ ಸೇರಿಕೊಳ್ಳುತ್ತೆ. ಆರು ಅಥವಾ ಏಳು ಜನ ಇದ್ದಾಗ ಮೂರನೇ ರೈಡ್ ಬಂದರೆ ಕನಿಷ್ಠ ಬೋನಸ್ ಅನ್ನುವ ಬಾಗಿಲು ತೆರೆದಿರುತ್ತೆ. ಐದು ಜನ ಇದ್ದಾಗ ಬಂದರೆ ಆ ಬಾಗಿಲೂ ಬಂದ್, ಮುಟ್ಟಲೇಬೇಕು. ಹುಮನಾಬಾದಿನಲ್ಲಿ ನಮ್ಮವನು ಸಿಕ್ಕಿಬಿದ್ದ ನಾಲ್ಕು ಮೂರನೇ ರೈಡ್‌ಗಳಲ್ಲಿ ಮೂರರಲ್ಲಿ ಎದುರಿಗೆ ಐದು ಅಥವಾ ನಾಲ್ಕು ಜನ ಇದ್ದರು. ಒಂದು ರೈಡ್ ಮೊದಲೇ "ಹೋಗು" ಅಂದಿದ್ದರೆ ಆಗ ಬೋನಸ್ ಇತ್ತು. ಈ ಸಣ್ಣ ವಿಷಯ ನೋಡಬೇಕಾದವನು ಹೊರಗೆ ಕೂತವನು. ಒಳಗಿರುವವನಿಗೆ ತಲೆ ಎಣಿಸಲಿಕ್ಕೆ ಪುರಸೊತ್ತು ಎಲ್ಲಿ?

ಪುಸ್ತಕ ನೋಡುವಾಗ ಇನ್ನೊಂದು ಚಕ್ರ ಕಂಡಿತು. ಅವನು ಔಟಾಗಿ ಹೊರಗೆ ಕೂತಾಗ ಮಿಕ್ಕ ಇಬ್ಬರು ರೈಡ್‌ಗೆ ಹೋಗಿ ಖಾಲಿ ಬಂದಿದ್ದಾರೆ. ಅಷ್ಟರಲ್ಲಿ ನಮ್ಮ ಡಿಫೆನ್ಸ್ ಒಬ್ಬನನ್ನು ಹಿಡಿದು ಅವನನ್ನು ಒಳಗೆ ತಂದಿದೆ. ಒಳಗೆ ಬರುತ್ತಲೇ ಅವನ ಪಾಲಿಗೆ ಮೂರನೇ ರೈಡ್ ತಯಾರಾಗಿ ನಿಂತಿದೆ! ಖಾಲಿ ಬಂದ ಇಬ್ಬರ ಹೆಸರಿನ ಮುಂದೆ ಒಂದೂ ತಪ್ಪಿಲ್ಲ, ಶುದ್ಧ. ಪ್ರಾಜೆಕ್ಟ್ ಗ್ರೂಪ್‌ನಲ್ಲಿ ಇಬ್ಬರು ಸೆಮಿಸ್ಟರ್ ಪೂರ್ತಿ ಸುಮ್ಮನಿದ್ದು, ಪ್ರೆಸೆಂಟೇಶನ್ ಮಾಡಿದವನೇ ವೈವಾದಲ್ಲಿ ಬೈಸಿಕೊಳ್ಳುವುದನ್ನು ನೀವು ನೋಡಿರ್ತೀರಿ. ಅದೇ ಕತೆ.

ಮೂವರು ಉಳಿದಾಗ ನಾನು "ಹೊಡಿ" ಅಂದದ್ದಕ್ಕೆ ಸಮರ್ಥನೆಯೇ ಇಲ್ಲ. ಆಲೌಟ್ ಮಾಡಿದರೆ ಎರಡು ಅಂಕ ಹೆಚ್ಚಿಗೆ ಸಿಗುತ್ತೆ ಅನ್ನುವ ಆಸೆ. ಆದರೆ ಒಬ್ಬನನ್ನು ಮುಟ್ಟಿ ಬಂದರೆ ನಮಗೆ ಸಿಗುವುದು ಒಂದು, ಸಿಕ್ಕಿಬಿದ್ದರೆ ಅವರಿಗೆ ಎರಡು. ಅದು ನಮ್ಮ ಮೊದಲನೇ ರೈಡ್ ಬೇರೆ. ಸುಮ್ಮನೆ ಬಂದಿದ್ದರೆ ಏನೂ ಹೋಗುತ್ತಿರಲಿಲ್ಲ, ಅವರ ಮೂವರಲ್ಲೇ ಒಬ್ಬ ನಮ್ಮ ಏಳು ಜನರ ನಡುವೆ ರೈಡ್‌ಗೆ ಬರಬೇಕಿತ್ತು. ಸುಮ್ಮನಿರಬೇಕಾದಲ್ಲಿ ಕೂಗಿದೆ, ಬಿಡಬೇಕಾದಲ್ಲಿ ತಡೆದೆ. ಎರಡು ಅಂಕದಿಂದ ಸೋತದ್ದು ನೆನಪಿದೆಯಲ್ಲ?

ಈ ಜಗಳ ಕಬಡ್ಡಿಯದೊಂದೇ ಅಲ್ಲ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಇದು ತುಂಬ ಹಳೆಯದು. ನಮ್ಮ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಮೊಟ್ಟೆಯಾಕಾರದ ಚೆಂಡು ಹಿಡಿದು ಆಡುವುದು. ಅಲ್ಲಿ ಒಂದು ತಂಡಕ್ಕೆ ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಅವನು ಅದನ್ನು ಓಡುವವನ ಕೈಗೆ ಕೊಡಬಹುದು ಅಥವಾ ದೂರದಲ್ಲಿರುವವನಿಗೆ ಎಸೆಯಬಹುದು. ಏನು ಮಾಡಬೇಕು ಅನ್ನುವುದನ್ನು ಸಾಮಾನ್ಯವಾಗಿ ತೀರ್ಮಾನಿಸುವುದು ಕೋಚ್. ಎನ್‌ಎಫ್‌ಎಲ್‌ನಲ್ಲಿ 1994ರಿಂದ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್‌ನೊಳಗೇ ರೇಡಿಯೊ ಇಡಲು ಒಪ್ಪಿಗೆ ಇದೆ. ಆಟ ಶುರು ಮಾಡಲು ಕೊಟ್ಟ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಅದು ಕಟ್ಟಾಗುತ್ತೆ. ಅಲ್ಲಿಯವರೆಗೆ ಕಿವಿಯಲ್ಲಿ ಕೋಚ್, ಆಮೇಲೆ ಒಂಟಿ. ಎಸೆದ ಚೆಂಡು ಎದುರಾಳಿಯ ಕೈ ಸೇರಿದರೆ ಅದು ಇಂಟರ್‌ಸೆಪ್ಶನ್, ಕ್ವಾರ್ಟರ್‌ಬ್ಯಾಕ್ ಹೆಸರಿಗೇ ಬೀಳುವ ತಪ್ಪು. ಮೂರನೇ ಅವಕಾಶದಲ್ಲಿ ಇನ್ನೂ ಎಂಟೊಂಬತ್ತು ಗಜ ಬಾಕಿ ಇದ್ದರೆ ಇವನು ಎಸೆಯಲೇಬೇಕು ಅಂತ ಎದುರಾಳಿಗೆ ಗೊತ್ತು. ನಮ್ಮ ತೀಸ್ರೀ ರೈಡ್ ಥರಾನೇ, ಕಾದು ನಿಂತಿರುತ್ತಾರೆ.

ಇದರಲ್ಲಿ ಎಲ್ಲರೂ ಎತ್ತಿ ತೋರಿಸುವ ಉದಾಹರಣೆ 2015ರ ಫೆಬ್ರವರಿ 1ರಂದು ನಡೆದ ಸೂಪರ್ ಬೌಲ್. ಸಿಯಾಟಲ್ ಸೀಹಾಕ್ಸ್ 24, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ 28. ಸಿಯಾಟಲ್ ಗೆಲ್ಲಲು ಒಂದೇ ಒಂದು ಗಜ ಬಾಕಿ, 26 ಸೆಕೆಂಡ್ ಉಳಿದಿದೆ, ಎರಡನೇ ಅವಕಾಶ. ಮಾರ್ಶಾನ್ ಲಿಂಚ್ ಅನ್ನುವ ಗೂಳಿಯಂಥ ಓಟಗಾರ ತಂಡದಲ್ಲಿದ್ದಾನೆ, ಹಿಂದಿನ ಆಟದಲ್ಲೇ ನಾಲ್ಕು ಗಜ ನುಗ್ಗಿದ್ದಾನೆ. ಎಲ್ಲರೂ ಅವನಿಗೇ ಕೊಡ್ತಾರೆ ಅಂದುಕೊಂಡರು. ಬಂದ ಸೂಚನೆ ಎಸೆಯುವುದು. ರಸೆಲ್ ವಿಲ್ಸನ್ ಎಸೆದ. ಮಾಲ್ಕಮ್ ಬಟ್ಲರ್ ಅನ್ನುವ ಹೊಸ ಹುಡುಗ ಮುಂದೆ ಹಾರಿ ಹಿಡಿದ. ಮ್ಯಾಚ್ ಮುಗಿಯಿತು. ದಾಖಲೆಯಲ್ಲಿ ಆ ತಪ್ಪು ಇವತ್ತಿಗೂ ವಿಲ್ಸನ್‌ನದೇ. ತೀರ್ಮಾನ ತನ್ನದು ಅಂತ ಕೋಚ್ ಪೀಟ್ ಕ್ಯಾರಲ್ ಹೊಣೆ ಹೊತ್ತರು, ಆದರೆ ಅದನ್ನು ಬರೆಯಲು ಅಂಕಿಅಂಶದ ಪಟ್ಟಿಯಲ್ಲಿ ಜಾಗ ಇಲ್ಲ.

ಆ ಸೂಚನೆ ಪೂರ್ತಿ ಹುಚ್ಚುತನ ಅಂತ ನನಗೆ ಅನ್ನಿಸಲ್ಲ. ಸಿಯಾಟಲ್ ಹತ್ತಿರ ಒಂದೇ ಟೈಮ್‌ಔಟ್ ಉಳಿದಿತ್ತು. ಎಸೆದದ್ದು ಯಾರಿಗೂ ಸಿಗದೆ ನೆಲಕ್ಕೆ ಬಿದ್ದಿದ್ದರೆ ಗಡಿಯಾರ ನಿಲ್ಲುತ್ತಿತ್ತು, ಇನ್ನೂ ಎರಡು ಅವಕಾಶ ಇರುತ್ತಿದ್ದವು. ಎಲ್ಲರೂ ಓಟ ಕಾಯುವಾಗ ಎಸೆತ ಹೇಳುವುದರಲ್ಲಿ ತರ್ಕ ಇದೆ. ಯಾವಾಗಲೂ ಒಂದೇ ಆಟ ಆಡಿದರೆ ಎದುರಾಳಿಗೆ ಅದೇ ಗೈಡ್ ಪುಸ್ತಕ. ಆದರೆ ಬಟ್ಲರ್ ಆ ಎಸೆತವನ್ನು ಮೊದಲೇ ಕಂಡಿದ್ದ. ಮ್ಯಾಚ್‌ಗೆ ಮುಂಚಿನ ಪ್ರಾಕ್ಟೀಸ್‌ನಲ್ಲಿ ಅದೇ ಆಟವನ್ನು ತಮ್ಮವರೇ ಆಡಿ ತೋರಿಸಿದಾಗ ಅವನು ತಡವಾಗಿ ಹೋಗಿ ಸೋತಿದ್ದ. ಎರಡನೇ ಸಲ ತಡ ಮಾಡಲಿಲ್ಲ. ಸೂಚನೆ ಸರಿ ಇದ್ದೂ ಫಲ ಕೆಡಬಹುದು, ಸೂಚನೆ ಕೆಟ್ಟಿದ್ದೂ ಆಟಗಾರ ಬಚಾವ್ ಮಾಡಬಹುದು. ಹಾಗಾಗಿ ಒಂದು ರೈಡ್ ಇಟ್ಟುಕೊಂಡು ಯಾರು ಸರಿ ಅಂತ ಹೇಳಲಾಗದು. ಸಾಲು ಸಾಲು ರೈಡ್ ಬೇಕು.

ನಮ್ಮ ಮನೆಯ ಉದಾಹರಣೆಗೆ ಬರೋಣ. ಪವನ್ ಸೆಹ್ರಾವತ್ ಪ್ರೊ ಕಬಡ್ಡಿಯಲ್ಲಿ ಬೆಂಗಳೂರು ಬುಲ್ಸ್ ಬಿಟ್ಟು 2017ರಲ್ಲಿ ಗುಜರಾತ್ ತಂಡಕ್ಕೆ ಹೋದಾಗ ಅವನಿಗೆ ಹೆಚ್ಚು ಅವಕಾಶವೇ ಸಿಗಲಿಲ್ಲ. ಆ ಸೀಸನ್ ಮಾತ್ರ ನೋಡಿದವರು ಸಾಧಾರಣ ರೈಡರ್ ಅಂತ ಬರೆದು ಮುಗಿಸುತ್ತಿದ್ದರು. ಮುಂದಿನ ಸೀಸನ್‌ಗೆ ಬುಲ್ಸ್‌ಗೆ ವಾಪಸ್ ಬಂದ, ಮುಖ್ಯ ರೈಡರ್ ಆಗಿ. ಆ ಆರನೇ ಸೀಸನ್‌ನಲ್ಲಿ 271 ರೈಡ್ ಅಂಕ. 2019ರ ಜನವರಿ 5ರಂದು ಮುಂಬೈನಲ್ಲಿ ಫೈನಲ್, ಎದುರಿಗೆ ಅದೇ ಗುಜರಾತ್. ಹಾಫ್ ಟೈಮ್‌ಗೆ ಬುಲ್ಸ್ 9–16ರಿಂದ ಹಿಂದೆ. ಅಲ್ಲಿ ನನ್ನಂಥವನು ಕೂತಿದ್ದರೆ ಕೈ ಕೆಳಗೆ ಮಾಡಿ ತೋರಿಸುತ್ತಿದ್ದನೋ ಏನೋ. ಪವನ್ ಒಬ್ಬನೇ 22 ಅಂಕ ತಂದ. ಬುಲ್ಸ್ 38–33ರಿಂದ ಗೆದ್ದು ಮೊದಲ ಸಲ ಚಾಂಪಿಯನ್ ಆಯಿತು. ಒಂದು ವರ್ಷದಲ್ಲಿ ಮನುಷ್ಯನ ಕಾಲು ಅಷ್ಟು ಬದಲಾಗಲ್ಲ. ಅವನನ್ನು ಯಾವಾಗ, ಎಷ್ಟು ಸಲ, ಯಾವ ಭರವಸೆ ಕೊಟ್ಟು ಕಳಿಸುತ್ತಾರೆ ಅನ್ನುವುದು ಬದಲಾಗಿತ್ತು ಅಂತ ನನ್ನ ಅಂದಾಜು.

ಒಬ್ಬನ ಮೇಲೇ ಭಾರ ಹಾಕದ ದಾರಿಯೂ ಇದೆ. ನಮ್ಮ ಕರ್ನಾಟಕದ, ಅರ್ಜುನ ಪ್ರಶಸ್ತಿ ಪಡೆದ ಬಿ.ಸಿ. ರಮೇಶ್ ಕೋಚ್ ಆಗಿದ್ದ ಪುಣೇರಿ ಪಲ್ಟನ್ 2024ರ ಮಾರ್ಚ್ 1ರಂದು ಹೈದರಾಬಾದ್‌ನಲ್ಲಿ ಹರಿಯಾಣ ಸ್ಟೀಲರ್ಸ್ ವಿರುದ್ಧ 28–25ರಿಂದ ಫೈನಲ್ ಗೆದ್ದಿತು. ಅಸ್ಲಂ ಇನಾಮ್‌ದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ, ಹೀಗೆ ರೈಡ್‌ಗೆ ಹೋಗಬಲ್ಲವರು ಹಲವರು ಇದ್ದ ತಂಡ ಅದು. ಮೂರನೇ ರೈಡ್ ಬಂದಾಗ ಯಾರು ಬರ್ತಾರೆ ಅನ್ನುವುದೇ ಎದುರಾಳಿಗೆ ಒಂದು ಪ್ರಶ್ನೆಯಾಗುವಂಥ ತಂಡ. ನಮ್ಮ ವಿರುದ್ಧ ಆಡುವವರಿಗೆ ಆ ಪ್ರಶ್ನೆ ಇರಲಿಲ್ಲ. ಅವನೇ ಬರ್ತಾನೆ ಅಂತ ಗೊತ್ತಿತ್ತು, ಎಡಗಾಲು ಮೊದಲು ಚಾಚ್ತಾನೆ ಅಂತಾನೂ.

ಹಾಗಂತ ಖಾಲಿ ರೈಡ್ ಆಡಿಸುವುದೇ ತಪ್ಪು ಅಂತ ಅಲ್ಲ. ಕೊನೆಯ ಮೂರ್ನಾಲ್ಕು ನಿಮಿಷ, ಐದಾರು ಅಂಕ ಮುಂದೆ ಇದ್ದೀರಿ ಅಂದರೆ ಗಡಿಯಾರವೇ ನಿಮ್ಮ ಎಂಟನೇ ಆಟಗಾರ. ಎದುರಾಳಿಯೂ ಖಾಲಿ ಬಂದರೆ ಅವರಿಗೂ ಮೂರನೇ ರೈಡ್ ಬರುತ್ತೆ, ನಿಮ್ಮ ಡಿಫೆನ್ಸ್ ಗಟ್ಟಿ ಇದ್ದರೆ ಅದು ನಿಮಗೇ ಲಾಭ. ನಾನು ಹಾಕಿದ ಲೆಕ್ಕದಲ್ಲಿ ಆ ಕಡೆಯ ಲಾಭ ಸೇರಿಲ್ಲ. ಸೇರಿಸಿದರೆ ನನ್ನ ಆಟ ಅಷ್ಟು ಕೆಟ್ಟದಾಗಿ ಕಾಣದು. ಆದರೆ ನಾನು ಹಾಫ್ ಟೈಮ್ ಮುಗಿದ ಎರಡನೇ ನಿಮಿಷದಿಂದಲೇ ನಾಲ್ಕೇ ಅಂಕದ ಲೀಡ್ ಕಾಯಲು ಕೂತೆ. ಹದಿನೆಂಟು ನಿಮಿಷ! ಆಮೇಲೆ ತಪ್ಪನ್ನು ಅವನ ಹೆಸರಿಗೆ ಬರೆದೆ.

ನಾಲ್ಕನೇ ಸೆಮಿಸ್ಟರ್‌ನ ಗಣಿತದಲ್ಲಿ ಕಂಡಿಶನಲ್ ಪ್ರಾಬಬಿಲಿಟಿ ಓದಿ ಪಾಸಾದವನು ನಾನು. ಪರೀಕ್ಷೆಯಲ್ಲಿ ಕೆಂಪು ಚೆಂಡು, ಬಿಳಿ ಚೆಂಡು ತೆಗೆದು ಬರೆದದ್ದಷ್ಟೇ. "ಔಟ್ ಆಗುವ ಸಂಭವ" ಬೇರೆ, "ಮೂರನೇ ರೈಡ್ ಆಗಿದ್ದಾಗ ಔಟ್ ಆಗುವ ಸಂಭವ" ಬೇರೆ ಅನ್ನುವುದು ನೋಟ್ಸ್‌ನಿಂದ ಅಂಗಳಕ್ಕೆ ಬರಲು ಹುಮನಾಬಾದ್ ತನಕ ಹೋಗಿ ಸೋಲಬೇಕಾಯ್ತು. ಪ್ರೊ ಕಬಡ್ಡಿಯವರು ಡು ಆರ್ ಡೈ ಅಂಕಗಳನ್ನು ಬೇರೆಯಾಗಿ ತೋರಿಸುತ್ತಾರೆ, ಅದು ಒಳ್ಳೆಯ ಕೆಲಸ. ಹೊರಗಿಂದ ಬಂದ ಸನ್ನೆ ಏನಿತ್ತು ಅನ್ನುವುದು ಮಾತ್ರ ಟಿವಿಯಲ್ಲಿ ಪಟ್ಟಿಯಾಗಿ ಬರಲ್ಲ.

ಈಗ ನಮ್ಮ ಸ್ಕೋರ್ ಪುಸ್ತಕದಲ್ಲಿ ಮೂರು ಕಾಲಮ್ ಹೊಸದಾಗಿ ಗೀಚಿದ್ದೇವೆ: ಎಷ್ಟನೇ ರೈಡ್, ಎದುರಿಗೆ ಎಷ್ಟು ಜನ, ಏನು ಹೇಳಿ ಕಳಿಸಿದ್ದು. ಕೊನೆಯ ಕಾಲಮ್ ತುಂಬುವುದು ನಾನಲ್ಲ, ಸನ್ನೆ ಮಾಡುವವನೇ ಬರೆದರೆ ಏನಾಗುತ್ತೆ ಅಂತ ಗೊತ್ತಾಗಿದೆಯಲ್ಲ. ಫಸ್ಟ್ ಇಯರ್ ಹುಡುಗನೊಬ್ಬ ಬರೆಯುತ್ತಾನೆ, ಅವನಿಗೆ ನಮ್ಮ ಯಾರ ಭಯವೂ ಇಲ್ಲ. ಪ್ರಾಕ್ಟೀಸ್ ಮ್ಯಾಚ್‌ಗಳಲ್ಲಿ ಮೊದಲೆರಡು ರೈಡ್‌ಗೆ ಸನ್ನೆ ಮಾಡುವುದನ್ನೇ ನಿಲ್ಲಿಸಿದ್ದೇವೆ, ಒಳಗಿರುವವನ ಕಣ್ಣಿಗೆ ಬಿಟ್ಟಿದ್ದೇವೆ. ಅದರಿಂದ ಫಲ ಏನು ಅಂತ ಹೇಳಲು ಇನ್ನೂ ಸಾಕಷ್ಟು ರೈಡ್ ಆಗಿಲ್ಲ.

ಪುಸ್ತಕ ಹಿಡಿದುಕೊಂಡು ಅವನ ರೂಮಿಗೆ ಹೋಗಿದ್ದೆ. ಏಳೂ ರೈಡ್ ಒಂದೊಂದಾಗಿ ತೋರಿಸಿದೆ. ಐದು ನನ್ನ ಕಡೆ, ಎರಡು ನಿನ್ನ ಕಡೆ ಅಂದೆ. ಅವನು ಪೂರ್ತಿ ನೋಡಿ, "ಬೋನಸ್ ಹೋಗಿದ್ದು ನಂದೇ ತಪ್ಪ್ ಅಣ್ಣಾ. ಆದ್ರ ಗೆರಿ ದಾಟಿದ್ನಲ್ಲ, ಅದು ನೀವ್ ಹಿಂದಿಂದ ಒದರಿದ್ರಿ, ಆಕಡಿ ನೋಡ್ದೆ" ಅಂದ. ಅಲ್ಲಿಗೆ ನನ್ನ ಲೆಕ್ಕ ಆರು–ಒಂದು ಆಯಿತು.

ಮುಂದಿನ ಪಟ್ಟಿಯಲ್ಲಿ ಅವನ ಹೆಸರು ಇದೆ. ಮೊನ್ನೆ ಸಂಜೆ ಪ್ರಾಕ್ಟೀಸ್‌ನಲ್ಲಿ ಎರಡು ಖಾಲಿ ಆಗಿ ಮೂರನೇದು ಬಂತು, ಎದುರಿಗೆ ಐದು ಜನ. ನಾನು ಅಭ್ಯಾಸಬಲದಿಂದ ಕೈ ಎತ್ತಿದೆ. ಅವನು ನಡುಗೆರೆ ಹತ್ತಿರ ನಿಂತು ನನ್ನ ಕಡೆ ತಿರುಗಿ ಕೇಳಿದ: "ಅಣ್ಣಾ, ಇದು ಯಾರ ಹೆಸರ್ಲೆ ಬರಸ್ತೀರಿ?"